ಕೊಡಗಿನ ಅರಸನ ದಾವೆ

ಕೊಡಗಿನ ಪದಚ್ಯುತ ಅರಸನಾದ ಚಿಕ್ಕವೀರರಾಜೇಂದ್ರನು ಈಸ್ಟ್ ಇಂಡಿಯಾ ಕಂಪೆನಿಯ ಮೇಲೆ ಲಂಡನ್ನಿನ ನ್ಯಾಯಾಲಯದಲ್ಲಿ ಹೂಡಿದ ದಾವೆಯು, ನಮ್ಮ ಜಿಲ್ಲೆಯಲ್ಲಿ ಆತನ ಕ್ರೌರ್ಯದ ಕಥೆಗಳಷ್ಟು ಪ್ರಸಿದ್ಧವಾಗಿಲ್ಲ. ಆದರೆ ಯುದ್ಧವನ್ನು ಹೂಡಿದವನನ್ನು ವಿಚಾರಿಸತಕ್ಕವರು ಯಾರೆಂದು ಲೋಕವೇ ಕೇಳುತ್ತಿರುವ ಈ ಕಾಲದಲ್ಲಿ ಅದನ್ನು ನೆನೆಯುವುದು ಅವಶ್ಯವೆಂದು ನಾನು ಬಗೆಯುತ್ತೇನೆ.

1834ರ ಏಪ್ರಿಲಿನಲ್ಲಿ ನಾಲ್ಕು ದಳಗಳಾಗಿ ಕೊಡಗನ್ನು ಹೊಕ್ಕ ಕಂಪೆನಿಯ ಸೇನೆಯು, ಬಕ್ಕದ ಬಳಿ ಕೊಡಗಿನವರ ಗುಂಡಿಗೆ ಕರ್ನಲ್ ಮಿಲ್ ಎಂಬ ಅಧಿಕಾರಿಯನ್ನು ಕಳೆದುಕೊಂಡು ಹಿಮ್ಮೆಟ್ಟಿತಾದರೂ, ಕೆಲವೇ ದಿನಗಳಲ್ಲಿ ಮಡಿಕೇರಿಯ ಕೋಟೆಯನ್ನು ವಶಮಾಡಿಕೊಂಡಿತು. ಮೇ 7ರಂದು ಹೊರಟ ಘೋಷಣೆಯು, ಪ್ರಜೆಗಳ ಸರ್ವಾನುಮತದ ಇಚ್ಛೆಯಂತೆಯೇ ಈ ನಾಡನ್ನು ಕಂಪೆನಿಯ ಆಳ್ವಿಕೆಗೆ ಸೇರಿಸಿಕೊಂಡುದಾಗಿ ಸಾರಿತು. ಅರಸನು ಪ್ರಜಾಪೀಡಕನಾಗಿದ್ದನೆಂಬುದೂ, ಸ್ವಂತ ತಂಗಿಯಾದ ದೇವಮ್ಮಾಜಿಯೇ ಗಂಡನೊಡನೆ ಪ್ರಾಣಭಯದಿಂದ ಮೈಸೂರಿಗೆ ಓಡಿಹೋಗಬೇಕಾಯಿತೆಂಬುದೂ ನಿಜವೇ; ಆದರೆ ನೆರೆಮನೆಯ ಯಜಮಾನನು ದುಷ್ಟನೆಂದು ಅವನ ಮನೆಯನ್ನೇ ತನ್ನ ಹೆಸರಿಗೆ ಬರೆಸಿಕೊಳ್ಳುವುದನ್ನು ಉಪಕಾರವೆನ್ನಲಾಗದು, ಗೆದ್ದವರ ಸೇನೆ ಕೋಟೆಯೊಳಗೆ ಬೀಡುಬಿಟ್ಟಿರುವಾಗ ದೊರೆತ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಲೂ ಆಗದು.

ವೆಲ್ಲೂರು, ಕಾಶಿಗಳ ಸೆರೆವಾಸದ ಬಳಿಕ, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ ಅರಸನು ನ್ಯಾಯಾಲಯದಲ್ಲಿ ಕೇಳಿದ್ದು ರಾಜ್ಯವನ್ನಲ್ಲ, ಕಂಪೆನಿಯೇ ಬರೆದುಕೊಟ್ಟಿದ್ದ ಸಾಲಪತ್ರಗಳ ಹಣವನ್ನು. ಆತನು 1859ರಲ್ಲಿ ಅಲ್ಲಿಯೇ ತೀರಿಕೊಂಡನು. 1860ರ ತೀರ್ಪಾದರೋ, ಆ ಪತ್ರಗಳನ್ನು ಯುದ್ಧದಲ್ಲಿ ಸಾರ್ವಭೌಮಾಧಿಕಾರದಿಂದ ಕಿತ್ತುಕೊಂಡುದು ರಾಜ್ಯಕೃತ್ಯವಾದಕಾರಣ ಅದನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು ದಾವೆಯನ್ನು ವಜಾಮಾಡಿತು. ಸಾಲಪತ್ರವನ್ನೇ ವಿಚಾರಿಸಲಾಗದಾದ ಮೇಲೆ ಯುದ್ಧದ ಮಾತೆಲ್ಲಿಯದು!

ಈ ತತ್ತ್ವದ ಬುಡಕ್ಕೆ ಕೊಡಲಿಯೇಟು ಬಿದ್ದದ್ದು 1946ರಲ್ಲಿ, ಆಕ್ರಮಣಯುದ್ಧವನ್ನು ಪರಮ ಅಂತಾರಾಷ್ಟ್ರೀಯ ಅಪರಾಧವೆಂದ ನ್ಯೂರೆಂಬರ್ಗಿನ ನ್ಯಾಯಮಂಡಲಿಯು, ರಾಜ್ಯದ ಹೆಸರಿನ ಹಿಂದೆ ನಾಯಕರು ಅಡಗಲಾರರೆಂದು ತೀರ್ಮಾನಿಸಿದಾಗ. ಜಪಾನಿನ ನಾಯಕರ ಮೇಲೆ ಟೋಕಿಯೋದಲ್ಲಿ ನಡೆದ ವಿಚಾರಣೆಯಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ರಾಧಾಬಿನೋದ್ ಪಾಲರು ಅದಕ್ಕೆ ಸಮ್ಮತಿಸಲಿಲ್ಲ. ದಿಗ್ವಿಜಯದಿಂದಲೇ ಬೆಳೆದ ದೇಶಗಳು ಸೋತವರಿಗೆ ಮಾತ್ರ ತೀರ್ಪು ಹೇಳುವುದರಲ್ಲಿ ಅವರು ಕಂಡ ಅನ್ಯಾಯವು ಕೊಡಗಿನವರಿಗೆ ಸುಲಭವಾಗಿ ಅರ್ಥವಾದೀತು. ಆದರೂ ಅದಕ್ಕೆ ಪರಿಹಾರವೆಂದರೆ ನ್ಯಾಯಾಲಯವನ್ನು ಮುಚ್ಚುವುದಲ್ಲ, ಗೆದ್ದವರೂ ಅದರ ಕಟಕಟೆಗೆ ಬರುವಂತೆ ಮಾಡುವುದು.

ಅದಿನ್ನೂ ಆಗಿಲ್ಲ. 2010ರಲ್ಲಿ ಕಂಪಾಲಾದಲ್ಲಿ ಆಕ್ರಮಣದ ಅಪರಾಧಕ್ಕೆ ಲಕ್ಷಣ ನಿರ್ಣಯಿಸಲಾಯಿತು, 2018ರ ಜುಲೈ 17ರಿಂದ ಹೇಗ್ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಅದರ ವಿಚಾರಣಾಧಿಕಾರವೂ ಬಂದಿತು. ಆದರೆ ಭದ್ರತಾ ಮಂಡಳಿ ಒಪ್ಪಿಸಿದ ಹೊರತು, ಆ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಒಡಂಬಡಿಕೆಗೆ ಸೇರದ ದೇಶದ ನಾಯಕನು ಈ ಅಪರಾಧಕ್ಕಾಗಿ ಅದರ ಕೈಗೆ ಸಿಕ್ಕುವಂತಿಲ್ಲ. ಉಕ್ರೇನಿನ ಮೇಲೆ ರಷ್ಯವು ನಡೆಸಿದ ಆಕ್ರಮಣಕ್ಕಾಗಿ ಪ್ರತ್ಯೇಕ ನ್ಯಾಯಮಂಡಲಿಯೊಂದನ್ನು ರಚಿಸಲು 2025ರ ಜೂನ್ 25ರಂದು ಯುರೋಪಿನ ಪರಿಷತ್ತು ಉಕ್ರೇನಿನೊಡನೆ ಒಪ್ಪಂದ ಮಾಡಿಕೊಳ್ಳಬೇಕಾದದ್ದು ಈ ಕೊರತೆಯಿಂದಲೇ.

ಕಾರಿಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಕೊಟ್ಟ, ಮನೆಮನೆಯಿಂದಲೂ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸುವ ಈ ನಾಡು ತಿಳಿಯಬೇಕಾದುದು ಇನ್ನೊಂದಿದೆ: ಆಕ್ರಮಣದ ಅಪರಾಧವು ಆಜ್ಞೆಯಂತೆ ಕಾದಿದ ಜವಾನನಿಗೆ ತಗಲುವಂಥದ್ದಲ್ಲ, ರಾಜ್ಯದ ಚುಕ್ಕಾಣಿ ಹಿಡಿದು ಯುದ್ಧಕ್ಕೆ ನೂಕಿದವನಿಗೆ ಮಾತ್ರ ತಗಲುವಂಥದ್ದು. ಸಿಪಾಯಿಯ ತಾಯಿಗೆ ಇದಕ್ಕಿಂತ ಹಿತವಾದ ಕಾನೂನು ಬೇರೆ ಇರಲಾರದು.

1998ರಲ್ಲಿ ರೋಮಿನಲ್ಲಿ ಆ ಒಡಂಬಡಿಕೆಯನ್ನು ಮತಕ್ಕೆ ಹಾಕಿದಾಗ ತಟಸ್ಥವಾಗುಳಿದ ಭಾರತವು ಇಂದಿಗೂ ಅದರ ಹೊರಗಿದೆ. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರದ ಬಗ್ಗೆ ಅದು ಎತ್ತಿದ ಆಕ್ಷೇಪಣೆ ಹುರುಳಿಲ್ಲದ್ದೇನಲ್ಲ. ಆದರೆ ಒಳಗೆ ಸೇರಿಯೂ ಅದಕ್ಕಾಗಿ ವಾದಿಸಬಹುದು. ಮೈಸೂರು-ಕೊಡಗು ಕ್ಷೇತ್ರದ ಮತದಾರರು, ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತಬೇಕೆಂದು ತಮ್ಮ ಪ್ರತಿನಿಧಿಯನ್ನು ಒತ್ತಾಯಪಡಿಸಲಿ.