ಆಸ್ಟ್ರೋಸ್ಯಾಟ್ ಕಣ್ಣು ಮುಚ್ಚುವ ಮುನ್ನ

ಡಾ. ವಿ. ನಾರಾಯಣನ್ ಅವರಿಗೆ,
ಅಧ್ಯಕ್ಷರು, ಇಸ್ರೋ, ಬೆಂಗಳೂರು

ಮಾನ್ಯರೇ,

ಕರ್ನಾಟಕದ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುವ ನಾನು, ರಜೆಯಲ್ಲಿ ಪುಣೆಯ ಖಗೋಳವಿಜ್ಞಾನ ಕೇಂದ್ರ ಐಯುಕಾಗೆ ಬಂದು ಸಂಶೋಧನೆ ಮಾಡುತ್ತೇನೆ. ಈ ಪತ್ರವನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ. ಕೋರಿಕೆ ಒಂದೇ: ನಮ್ಮ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್‌ನ ಜಾಗ ತುಂಬುವ ಉಪಗ್ರಹಕ್ಕೆ ತಡಮಾಡದೆ ದಾರಿ ಮಾಡಿಕೊಡಿ.

ನಾನು ಅಧ್ಯಯನ ಮಾಡುವುದು ಬ್ಲೇಜಾರ್‌ಗಳನ್ನು. ಇಂಥ ಗೆಲಾಕ್ಸಿಯ ನಟ್ಟನಡುವೆ ಸೂರ್ಯನ ಕೋಟಿಗಟ್ಟಲೆ ಪಟ್ಟು ರಾಶಿಯ ಕಪ್ಪುಕುಳಿ ಇರುತ್ತದೆ. ಅದರತ್ತ ಸುತ್ತುತ್ತ ಬೀಳುವ ಅನಿಲದಲ್ಲಿ ಒಂದು ಪಾಲು ಒಳಸೇರದೆ, ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಎರಡು ಜೆಟ್‌ಗಳಾಗಿ ಹೊರಚಿಮ್ಮುತ್ತದೆ. ಒಂದು ಜೆಟ್ ನಮ್ಮತ್ತಲೇ ಮುಖ ಮಾಡಿದ್ದರೆ ಅದು ಬ್ಲೇಜಾರ್. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರವಿರುವ ಮಾರ್ಕೇರಿಯನ್ 421 ಅಂಥದ್ದು. ಅದರ ಜೆಟ್‌ನ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಎಕ್ಸ್-ರೇ ಸೂಸುತ್ತವೆ. ಹೆಚ್ಚು ಶಕ್ತಿಯುಳ್ಳವು ಆ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತವೆ. ಹಾಗಾಗಿ ಕೆಲವೇ ಗಂಟೆಗಳಲ್ಲಿ ಎಕ್ಸ್-ರೇ ಹೊಳಪು ಏರಿ ಇಳಿಯುತ್ತದೆ. ಎಲೆಕ್ಟ್ರಾನ್‌ಗಳಿಗೆ ಆ ಶಕ್ತಿ ಬಂದದ್ದು ಎಲ್ಲಿಂದ? ಆಘಾತ ತರಂಗದಿಂದಲೋ, ಕಾಂತರೇಖೆಗಳು ಕಡಿದು ಮತ್ತೆ ಕೂಡುವುದರಿಂದಲೋ? ಸುಳಿವು ಇರುವುದು ಆ ಏರಿಳಿತದಲ್ಲೇ.

ಎಕ್ಸ್-ರೇಯನ್ನು ವಾತಾವರಣ ನೆಲಕ್ಕೆ ಬಿಡುವುದಿಲ್ಲ. ಜೆಟ್‌ಗಳ ರೇಡಿಯೋ ಅಲೆಗಳನ್ನು ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯ 30 ಆಂಟೆನಾಗಳು ಹಿಡಿದಾವು. ಎಕ್ಸ್-ರೇ ಬೇಕೆಂದರೆ ಕಕ್ಷೆಗೇ ಏರಬೇಕು. 1975ರ ಏಪ್ರಿಲ್ 19ರಂದು, ಉಡುಪಿಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ನಮ್ಮ ಮೊದಲ ಉಪಗ್ರಹ ಆರ್ಯಭಟ, ಎಕ್ಸ್-ರೇ ಖಗೋಳದ ಉಪಕರಣವನ್ನು ಹೊತ್ತೇ ಹಾರಿತು. ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಖಗೋಳಕ್ಕೇ ಮೀಸಲಾದ ನಮ್ಮ ಮೊದಲ ಉಪಗ್ರಹ ಆಸ್ಟ್ರೋಸ್ಯಾಟ್ ಹಾರಿದ್ದು 2015ರ ಸೆಪ್ಟೆಂಬರ್ 28ರಂದು. ಅಷ್ಟರಲ್ಲಿ 40 ವರ್ಷ ಕಳೆದಿತ್ತು. ಅಂಥ ಇನ್ನೊಂದು ಅಂತರವನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಆಸ್ಟ್ರೋಸ್ಯಾಟ್‌ನ ಹೆಚ್ಚುಗಾರಿಕೆ ನಿಮಗೆ ಹೊಸತಲ್ಲ. ಒಂದೇ ಬ್ಲೇಜಾರನ್ನು ಒಂದೇ ಹೊತ್ತಿನಲ್ಲಿ ಅತಿನೇರಳೆಯಲ್ಲೂ, ಮೃದು ಮತ್ತು ಕಠಿಣ ಎಕ್ಸ್-ರೇಯಲ್ಲೂ ಅದು ನೋಡುತ್ತದೆ. ಗಂಟೆಗಳಲ್ಲಿ ಬದಲಾಗುವ ಆಕರವನ್ನು ಇಂದು ಒಂದು ದೂರದರ್ಶಕದಲ್ಲಿ, ನಾಳೆ ಇನ್ನೊಂದರಲ್ಲಿ ನೋಡಿ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ. ಆದರೆ ಐದು ವರ್ಷಕ್ಕೆಂದು ಕಟ್ಟಿದ ಆ ಉಪಗ್ರಹ ಹತ್ತು ವರ್ಷ ದಾಟಿದೆ. ಅದರ ಕಠಿಣ ಎಕ್ಸ್-ರೇ ಉಪಕರಣವಾದ ಲ್ಯಾಕ್ಸ್‌ಪಿಸಿಯ ಮೂರು ಘಟಕಗಳಲ್ಲಿ ಒಂದನ್ನು 2018ರಲ್ಲೇ ಆರಿಸಬೇಕಾಯಿತು. 2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ. ಆದರೆ ಅದರ ಪೋಲಿಕ್ಸ್ ಉಪಕರಣ ಅಳೆಯುವುದು ಎಕ್ಸ್-ರೇಯ ಧ್ರುವೀಕರಣವನ್ನು, ಅದಕ್ಕೆ ಬಲು ಪ್ರಕಾಶದ ಆಕರಗಳೇ ಬೇಕು. ಅತಿನೇರಳೆ ದೂರದರ್ಶಕವಂತೂ ಅದರಲ್ಲಿಲ್ಲ.

ಇನ್ನೊಂದು ಮಾತು. ಇಸ್ರೋ ಮತ್ತು ಐಯುಕಾ ಸೇರಿ ನಡೆಸುವ ಆಸ್ಟ್ರೋಸ್ಯಾಟ್ ನೆರವು ಕೇಂದ್ರ ಪುಣೆಯಲ್ಲಿದೆ. ದೊಡ್ಡ ಪ್ರಯೋಗಾಲಯ ಕಾಣದ ಊರುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಇಲ್ಲಿ ದತ್ತಾಂಶ ಬಿಡಿಸುವುದನ್ನು ಕಲಿಯುತ್ತಾರೆ. ವಿಶ್ವವಿದ್ಯಾಲಯಗಳಿಗೆ ಖಗೋಳವಿಜ್ಞಾನ ಎಟುಕಬೇಕೆಂದೇ ಜಯಂತ ನಾರ್ಳೀಕರ್ ಐಯುಕಾವನ್ನು ಕಟ್ಟಿದರು. ಬ್ರಿಟನ್ನಿನ ಲೈಸೆಸ್ಟರ್ ವಿಶ್ವವಿದ್ಯಾಲಯದವರ ಜೊತೆಗೂಡಿ ಕಟ್ಟಿದ, ಆಸ್ಟ್ರೋಸ್ಯಾಟ್‌ನ ಮೃದು ಎಕ್ಸ್-ರೇ ದೂರದರ್ಶಕದಿಂದ ಬಂದ ಫೋಟಾನ್‌ಗಳನ್ನು ನನ್ನ ಹಳ್ಳಿಯ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ ಎಣಿಸಿದಾಗ ಆ ಉದ್ದೇಶ ಎಷ್ಟು ದೊಡ್ಡದೆಂದು ನನಗೆ ತಿಳಿಯಿತು. ಆಸ್ಟ್ರೋಸ್ಯಾಟ್ ನಿಂತ ದಿನ ಹಳೆಯ ದತ್ತಾಂಶ ಉಳಿಯುತ್ತದೆ. ಆದರೆ ಒಂದು ಬ್ಲೇಜಾರ್ ಭುಗಿಲೆದ್ದಾಗ ಅತ್ತ ತಿರುಗಿಸಲು ನಮ್ಮದೇ ಎನ್ನುವ ಇಂಥ ದೂರದರ್ಶಕ ಇರುವುದಿಲ್ಲ.

ಉಪಗ್ರಹವೊಂದು ಕಾಗದದಿಂದ ಕಕ್ಷೆಗೆ ಏರಲು ದಶಕವೇ ಹಿಡಿಯುತ್ತದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅತಿನೇರಳೆಯನ್ನೂ ಎಕ್ಸ್-ರೇಯನ್ನೂ ಒಟ್ಟಿಗೆ ನೋಡುವ ಮುಂದಿನ ಉಪಗ್ರಹವನ್ನು ದಯವಿಟ್ಟು ಘೋಷಿಸಿ. ಆ ಘೋಷಣೆಯಲ್ಲಿ ಉಡಾವಣೆಯ ವರ್ಷವೂ ಇರಲಿ, ಹಣವೂ ಇರಲಿ, ಪುಣೆಯ ನೆರವು ಕೇಂದ್ರದ ಹೆಸರೂ ಇರಲಿ.

ಗೌರವಪೂರ್ವಕವಾಗಿ,
ಭೌತವಿಜ್ಞಾನದ ಒಬ್ಬ ಅಧ್ಯಾಪಕ
ಪುಣೆ