ಫೋಟೊದಲ್ಲಿರುವುದು ಯಾರ ಕೋಟು?

ಜಿಲ್ಲಾ ಕೇಂದ್ರಗಳ ಹಳೆಯ ಫೋಟೊ ಸ್ಟುಡಿಯೊಗಳಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿಗಳ ಪಕ್ಕದ ಮೊಳೆಗೆ ಒಂದು ಕಪ್ಪು ಕೋಟು ತೂಗಾಡುತ್ತಿತ್ತು. ಗಂಟು ಹಾಕಿಯೇ ಇಟ್ಟ ಟೈ ಅದರ ಜೊತೆಗೆ. ಬ್ಯಾಂಕ್ ಪರೀಕ್ಷೆಯ ಅರ್ಜಿಗೆ, ಉದ್ಯೋಗ ವಿನಿಮಯ ಕಚೇರಿಯ ಕಾರ್ಡಿಗೆ ಫೋಟೊ ತೆಗೆಸಲು ಬಂದ ಹುಡುಗರು ಒಬ್ಬರಾದ ಮೇಲೊಬ್ಬರು ಅದನ್ನೇ ತೊಟ್ಟು ಸ್ಟೂಲಿನ ಮೇಲೆ ಕೂರುತ್ತಿದ್ದರು. ಭುಜ ದೊಗಳೆಯಾದರೆ ಬೆನ್ನ ಹಿಂದೆ ಒಂದು ಕ್ಲಿಪ್ ಬೀಳುತ್ತಿತ್ತು. ಈಗ ಆ ಕೋಟು ಕಂಪ್ಯೂಟರಿನೊಳಗೆ ಸೇರಿದೆ. ಟೀಶರ್ಟಿನಲ್ಲಿ ಬಂದವರ ಕತ್ತಿನ ಕೆಳಗೆ ಸಿದ್ಧ ಸೂಟೊಂದನ್ನು ಅಂಟಿಸಿ, ಐದು ನಿಮಿಷದಲ್ಲಿ ಪ್ರಿಂಟ್ ತೆಗೆದು ಕೈಗಿಡುತ್ತಾರೆ. ಸ್ಟುಡಿಯೊವರೆಗೂ ಹೋಗಲಾಗದವರಿಗೆ ಮೊಬೈಲ್ ಆ್ಯಪ್‌ಗಳೇ ಸೂಟು ತೊಡಿಸುತ್ತವೆ.

ಈ ಅಂಟಿಸಿದ ಕೋಟನ್ನು ಕೈಬಿಡುವ ಕಾಲ ಬಂದಿದೆ. ಲಿಂಕ್ಡ್‌ಇನ್ ಪುಟಕ್ಕಾಗಲಿ, ಕಚೇರಿಯ ವೆಬ್‌ಸೈಟಿಗಾಗಲಿ, ಪುಸ್ತಕದ ಹಿಂಬದಿಗಾಗಲಿ ತೆಗೆಸುವ ಫೋಟೊದಲ್ಲಿ ಮನುಷ್ಯ ತನ್ನ ಬಟ್ಟೆಯಲ್ಲಿ ಇರಬೇಕು: ಕೆಲಸದ ಜಾಗದಲ್ಲಿ ಅತಿ ಮುಖ್ಯವಾದ ದಿನ ತೊಟ್ಟು ಹೋಗುವ, ಅಳತೆಗೆ ಸರಿಯಾಗಿ ಕೂರುವ, ಚೆನ್ನಾಗಿ ಇಸ್ತ್ರಿಯಾದ ಬಟ್ಟೆ. ಅದು ಸೂಟು ಆಗಿರಬಹುದು, ಸೀರೆಯಾಗಿರಬಹುದು, ಖಾದಿ ಜುಬ್ಬಾ ಆಗಿರಬಹುದು. ತೊಟ್ಟವರಿಗೆ ಅದು ಸ್ವಂತದ್ದು ಎನಿಸಬೇಕು, ಅಷ್ಟೆ.

ಇದಕ್ಕೆ 140 ವರ್ಷ ಹಿಂದಿನ ಒಂದು ಫೋಟೊಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. 1885ರ ಅಕ್ಟೋಬರ್ 10ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿನ ಮೂವರು ವಿದ್ಯಾರ್ಥಿನಿಯರು ಒಟ್ಟಿಗೆ ಕುಳಿತು ಫೋಟೊ ತೆಗೆಸಿಕೊಂಡರು. ಒಬ್ಬರು ಭಾರತದ ಆನಂದಿಬಾಯಿ ಜೋಶಿ, ಇನ್ನೊಬ್ಬರು ಜಪಾನಿನ ಕೇಯಿ ಒಕಾಮಿ, ಮತ್ತೊಬ್ಬರು ಆಗ ಆಟೊಮನ್ ಆಳ್ವಿಕೆಯಲ್ಲಿದ್ದ ಸಿರಿಯಾದ ಸಬಾತ್ ಇಸ್ಲಾಂಬೂಲಿ. ಆನಂದಿಬಾಯಿ ಸೀರೆಯಲ್ಲಿ, ಒಕಾಮಿ ಕಿಮೊನೊದಲ್ಲಿ, ಇಸ್ಲಾಂಬೂಲಿ ತಮ್ಮ ಸೀಮೆಯ ಉಡುಪು ಮತ್ತು ಆಭರಣಗಳಲ್ಲಿ. ಪಾಶ್ಚಾತ್ಯ ವೈದ್ಯವಿದ್ಯೆ ಕಲಿಯಲು ಸಮುದ್ರ ದಾಟಿ ಹೋದ ಹೆಣ್ಣುಮಕ್ಕಳಿಗೆ ಅಲ್ಲಿನವರಂತೆ ಗೌನು ತೊಡುವುದು ಸುಲಭದ ದಾರಿಯಾಗಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಮರುವರ್ಷ ಪದವಿ ಪಡೆದ ಆನಂದಿಬಾಯಿ, ಊರಿಗೆ ಮರಳಿ 1887ರಲ್ಲಿ ಇನ್ನೂ 22 ತುಂಬುವ ಮೊದಲೇ ತೀರಿಕೊಂಡರು. ವೈದ್ಯೆಯಾಗಿ ದುಡಿಯುವ ಅವಕಾಶ ಅವರಿಗೆ ದಕ್ಕಲಿಲ್ಲ. ಆದರೂ ಆ ಫೋಟೊದಲ್ಲಿ ಅವರು ಯಾರೆಂಬುದರ ಬಗ್ಗೆ ನೋಡುವವರಿಗೆ ಅನುಮಾನವೇ ಉಳಿಯುವುದಿಲ್ಲ. ಅದರ ಬಲವೆಲ್ಲ ಆ ಮೂರು ಉಡುಪುಗಳಲ್ಲಿದೆ. ಮೂವರಿಗೂ ಒಂದೇ ಕಪ್ಪು ಗೌನು ತೊಡಿಸಿದ್ದರೆ ಅದು ಕಾಲೇಜಿನ ದಫ್ತರದಲ್ಲಿ ಉಳಿದ ಇನ್ನೊಂದು ಚಿತ್ರವಾಗಿರುತ್ತಿತ್ತು.

ಮೈಸೂರು ಸೀಮೆ ಈ ವಿಷಯದಲ್ಲಿ ತನ್ನದೇ ದಾರಿ ಕಂಡುಕೊಂಡಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಯಾವ ಚಿತ್ರ ನೋಡಿದರೂ ಅಚ್ಚುಕಟ್ಟಾದ ಕೋಟು, ಮೇಲೆ ಜರಿಯಂಚಿನ ಪೇಟ. ಜ್ಞಾನಪೀಠ ಪುರಸ್ಕೃತರ ಚಿತ್ರಪಟ ಇಲ್ಲದ ಕನ್ನಡ ಶಾಲೆ ಅಪರೂಪ. ಅದರಲ್ಲಿ ಮಾಸ್ತಿಯವರೂ ಪೇಟದಲ್ಲೇ ಇದ್ದಾರೆ. 1930ರಲ್ಲಿ ನೊಬೆಲ್ ಪಡೆದು, ಮೂರೇ ವರ್ಷದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಸೂಟಿನ ಮೇಲೆ ಮುಂಡಾಸು ಸುತ್ತಿಯೇ ಜಗತ್ತಿನ ಮುಂದೆ ನಿಂತರು. ಇವರು ಕೋಟನ್ನು ದೂರ ಇಡಲಿಲ್ಲ. ಕೋಟನ್ನು ತಮ್ಮದು ಮಾಡಿಕೊಂಡರು.

ಹಾಗೆಂದು ಕೋಟನ್ನು ಪರರದ್ದೆಂದು ತಳ್ಳಿಬಿಡುವುದು ದೊಡ್ಡ ತಪ್ಪಾಗುತ್ತದೆ. ಊರೂರಿನಲ್ಲೂ ನಿಂತಿರುವ ಅಂಬೇಡ್ಕರ್ ಪ್ರತಿಮೆಗಳನ್ನು ನೋಡಬೇಕು. ನೀಲಿ ಸೂಟು, ಟೈ, ಕೈಯಲ್ಲಿ ಸಂವಿಧಾನ. ಒಳ್ಳೆಯ ಬಟ್ಟೆ ತೊಡುವ ಹಕ್ಕನ್ನೇ ಜಾತಿಯ ಹೆಸರಿನಲ್ಲಿ ಕಸಿದುಕೊಂಡಿದ್ದ ಸಮಾಜದಲ್ಲಿ ಆ ಸೂಟು ಒಂದು ಹಕ್ಕೊತ್ತಾಯ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ದಲಿತ ಮಹಿಳೆಯರನ್ನು ಉದ್ದೇಶಿಸಿ ಮಾತನಾಡಿದ ಅಂಬೇಡ್ಕರ್, ಜಾತಿಯ ಗುರುತಾಗಿದ್ದ ಉಡುಗೆಯ ರೀತಿಯನ್ನೂ ಒಡವೆಗಳನ್ನೂ ಬಿಡಿ, ಮೇಲ್ಜಾತಿಯ ಹೆಂಗಸರು ಉಡುವ ಹಾಗೆ ಸೀರೆ ಉಡಿ ಎಂದು ಹೇಳಿದ್ದರು. ಬಟ್ಟೆ ಮನುಷ್ಯನ ಘನತೆಯ ಭಾಗವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮನೆತನದಲ್ಲಿ ಮೊದಲ ಬಾರಿಗೆ ಎಂಜಿನಿಯರಿಂಗ್ ಮುಗಿಸಿದ ಹುಡುಗಿ ಅಳತೆ ಕೊಟ್ಟು ಹೊಲಿಸಿಕೊಂಡ ಬ್ಲೇಜರಿನಲ್ಲಿ ಫೋಟೊ ತೆಗೆಸಿಕೊಂಡರೆ ಅದು ಅವಳ ಗಳಿಕೆ. ಅದನ್ನು ವಿದೇಶಿ ಅನುಕರಣೆ ಎಂದು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ.

ತೊಂದರೆ ಇರುವುದು ಮೈಗೆ ಒಗ್ಗದ್ದನ್ನು ಒತ್ತಾಯಕ್ಕೆ ತೊಡುವುದರಲ್ಲಿ. ಪೆಪ್ಸಿಕೊ ಕಂಪನಿಯ ಮುಖ್ಯಸ್ಥರಾಗಿದ್ದ ಇಂದ್ರಾ ನೂಯಿ ತಮ್ಮ ಆತ್ಮಕಥನದಲ್ಲಿ ಇದನ್ನು ಬಿಚ್ಚಿಟ್ಟಿದ್ದಾರೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕೆಲಸದ ಸಂದರ್ಶನಕ್ಕೆಂದು ಇದ್ದ ಅಲ್ಪ ದುಡ್ಡಿನಲ್ಲಿ ಅಗ್ಗದ ಸೂಟು ಕೊಂಡರು. ಅದು ಅಳತೆಗೆ ಸರಿಯಿರಲಿಲ್ಲ, ಅವರು ನಾಚಿಕೆಯಿಂದ ಕುಗ್ಗಿಹೋದರು. ಭಾರತದಲ್ಲಾಗಿದ್ದರೆ ಏನು ಉಡುತ್ತಿದ್ದೆ ಎಂದು ಉದ್ಯೋಗ ಮಾರ್ಗದರ್ಶಕಿ ಕೇಳಿದಾಗ ಸೀರೆ ಎಂದರು. ಹಾಗಾದರೆ ಮುಂದಿನ ಸಲ ಅದನ್ನೇ ಉಟ್ಟು ಹೋಗು ಎಂಬ ಸಲಹೆ ಬಂತು. ಹಾಗೆಯೇ ಹೋದರು, ಕೆಲಸವೂ ಸಿಕ್ಕಿತು. ಸೂಟಿನಲ್ಲಿ ಹೋದ ಸಂದರ್ಶನದಲ್ಲೂ ಅವರು ಆಯ್ಕೆಯಾಗಿದ್ದರು ಎಂಬುದನ್ನು ಮರೆಯಬಾರದು. ಸೀರೆ ಕೊಟ್ಟದ್ದು ನೆಮ್ಮದಿಯನ್ನು. ಕ್ಯಾಮೆರಾ ಮುಂದೆ ಬೇಕಾದದ್ದೂ ಅದೇ. ಕಾಲರು ಬಿಗಿಯುತ್ತಿದ್ದರೆ, ಸೆರಗು ಜಾರೀತೆಂಬ ಅಂಜಿಕೆಯಿದ್ದರೆ ಅದು ಮೊದಲು ಕಾಣಿಸಿಕೊಳ್ಳುವುದು ಮುಖದಲ್ಲಿ.

ಇನ್ನು ಕ್ಯಾಮೆರಾಕ್ಕೂ ಅದರದ್ದೇ ಆದ ಬೇಕುಬೇಡಗಳಿವೆ. 19ನೇ ಶತಮಾನದ ಗಾಜಿನ ಪ್ಲೇಟುಗಳು ನೀಲಿಯನ್ನು ಚುರುಕಾಗಿ ಹಿಡಿಯುತ್ತಿದ್ದವು, ಕೆಂಪನ್ನು ಗುರುತಿಸುತ್ತಲೇ ಇರಲಿಲ್ಲ. ತಿಳಿನೀಲಿ ಬಟ್ಟೆ ಬಿಳಿಯಾಗಿ, ಕೆಂಪು ಸೀರೆ ಕಡುಗಪ್ಪಾಗಿ ಮೂಡುತ್ತಿತ್ತು. ಹಾಗಾಗಿ ಆ ಕಾಲದ ಸ್ಟುಡಿಯೊಗಳು ಯಾವ ಬಣ್ಣ ತೊಟ್ಟು ಬರಬೇಕೆಂದು ಗಿರಾಕಿಗಳಿಗೆ ಮೊದಲೇ ಹೇಳಿ ಕಳಿಸುತ್ತಿದ್ದವು. ಇಂದಿನ ಡಿಜಿಟಲ್ ಕ್ಯಾಮೆರಾ ಎಲ್ಲ ಬಣ್ಣ ಹಿಡಿಯುತ್ತದೆ, ಆದರೆ ಒತ್ತೊತ್ತಾದ ಸಣ್ಣ ಗೆರೆ, ಸಣ್ಣ ಚೌಕಳಿ ಕಂಡರೆ ತಡಬಡಾಯಿಸುತ್ತದೆ. ಬಟ್ಟೆಯ ಗೆರೆಗಳೂ ಸೆನ್ಸರಿನ ಬಿಂದುಗಳ ಸಾಲೂ ಒಂದರ ಮೇಲೊಂದು ಬಿದ್ದು, ಬಟ್ಟೆಯಲ್ಲಿ ಇಲ್ಲದ ಅಲೆಗಳು ಚಿತ್ರದಲ್ಲಿ ಏಳುತ್ತವೆ. ಒಂದೇ ಬಣ್ಣದ ಬಟ್ಟೆ ಫೋಟೊಗೆ ಒಳ್ಳೆಯದು ಎಂದು ಛಾಯಾಗ್ರಾಹಕರು ಹೇಳುವುದಕ್ಕೆ ಇದೂ ಒಂದು ಕಾರಣ. ಗಿಳಿಹಸಿರು, ಕಡುಗುಲಾಬಿಯಂಥ ಬಣ್ಣಗಳು ಬೆಳಕನ್ನು ಗದ್ದದ ಕೆಳಗೆ ಎರಚಿ ಮುಖಕ್ಕೇ ಬಣ್ಣ ಬಳಿಯುತ್ತವೆ.

ಬಿಳಿ ಅಂಗಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ನೋವಾಗುವುದು ಇಲ್ಲೇ. ಕ್ಯಾಮೆರಾ ತನ್ನ ಪಾಡಿಗೆ ಬಿಟ್ಟರೆ ಇಡೀ ದೃಶ್ಯವನ್ನು ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ತೊಟ್ಟು ಕೂತರೆ, ಬೆಳಕು ಹೆಚ್ಚಾಯಿತೆಂದು ಅದು ತಗ್ಗಿಸಿಬಿಡುತ್ತದೆ. ಕಪ್ಪು ಮೈಬಣ್ಣದವರ ಮುಖ ಆಗ ಮತ್ತಷ್ಟು ಕಪ್ಪಾಗಿ, ಕಣ್ಣು ಮೂಗುಗಳ ಕಳೆಯೇ ಅಳಿಸಿಹೋಗುತ್ತದೆ. ಅದನ್ನು ಸರಿಪಡಿಸಲೆಂದು ಫೋಟೊಶಾಪ್‌ನಲ್ಲಿ ಮುಖವನ್ನು ಬೆಳ್ಳಗೆ ಮಾಡಿ ಕೊಡುವುದು ಎಷ್ಟೋ ಸ್ಟುಡಿಯೊಗಳಲ್ಲಿ ರೂಢಿ. ಫೋಟೊ ತಂತ್ರಜ್ಞಾನ ಮೊದಲಿನಿಂದಲೂ ಬಿಳಿ ಚರ್ಮವನ್ನೇ ಅಳತೆಗೋಲು ಮಾಡಿಕೊಂಡಿತ್ತು. ಕೊಡಾಕ್ ಕಂಪನಿ ಬಣ್ಣ ಹೊಂದಿಸಲು ದಶಕಗಳ ಕಾಲ ಬಳಸಿದ ‘ಶರ್ಲಿ ಕಾರ್ಡ್’ಗಳಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಮುಖಕ್ಕೆ ಬಿಳಿ ಬಳಿಯುವ ಅಗತ್ಯವೇ ಇಲ್ಲ. ಮೆರೂನ್, ಕಡುನೀಲಿ, ಸಾಸಿವೆ ಹಳದಿಯಂಥ ಗಟ್ಟಿ ಬಣ್ಣ ತೊಟ್ಟು, ಮುಖಕ್ಕೆ ಹೊಂದುವಂತೆ ಬೆಳಕಿಡಿ ಎಂದು ಛಾಯಾಗ್ರಾಹಕರನ್ನು ಕೇಳಿದರೆ ಸಾಕು. ಹಾಗೆ ಕೇಳುವುದು ದುಡ್ಡು ಕೊಟ್ಟವರ ಹಕ್ಕು.

ಫೋಟೊ ಎಲ್ಲಿ ಬಳಕೆಯಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಲಿಂಕ್ಡ್‌ಇನ್‌ನಂಥ ಕಡೆ ಚಿತ್ರ ಒಂದು ಪುಟ್ಟ ವೃತ್ತದೊಳಗೆ ಕೂರುತ್ತದೆ. ಅಲ್ಲಿ ಕಾಣುವುದು ಮುಖ, ಕೊರಳು, ಭುಜದ ತುದಿ. ಹಾಗಾಗಿ ಸೀರೆಯ ಅಂದವೆಲ್ಲ ಭುಜದ ಮೇಲಿನ ನೆರಿಗೆಯಲ್ಲಿ, ರವಿಕೆಯ ಕತ್ತಿನಲ್ಲಿ ತೀರ್ಮಾನವಾಗುತ್ತದೆ. ಒಡಲೆಲ್ಲ ಒಂದೇ ಬಣ್ಣವಿದ್ದು ಅಂಚಿನಲ್ಲಷ್ಟೇ ಜರಿ ಇರುವ ಮೈಸೂರು ರೇಷ್ಮೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೈತುಂಬ ಜರಿಯಿರುವ ಮದುವೆ ಸೀರೆ ಫ್ಲಾಶ್ ಬೆಳಕಿಗೆ ಮಿಂಚಿ ಕಣ್ಣನ್ನು ಮುಖದಿಂದ ಆಚೆ ಸೆಳೆಯುತ್ತದೆ. ಸಾದಾ ಹತ್ತಿ ಸೀರೆಗೆ ಗುಳೇದಗುಡ್ಡದ ಖಣದ ರವಿಕೆ ತೊಟ್ಟರೂ ಸಾಕು, ಆ ಪುಟ್ಟ ವೃತ್ತದಲ್ಲೂ ಊರಿನ ಗುರುತು ಉಳಿಯುತ್ತದೆ.

ವಕೀಲರ ಬಿಳಿ ಬ್ಯಾಂಡು, ಪೊಲೀಸರ ಖಾಕಿ, ದಾದಿಯರ ಸಮವಸ್ತ್ರಗಳಿಗೆ ಈ ಚರ್ಚೆ ಬೇಕಿಲ್ಲ. ಅವು ದುಡಿದು ಪಡೆದ ಉಡುಪುಗಳು.

ಸೀರೆ, ಮುಡಿದ ಹೂವು ಕಚೇರಿಗೆ ಒಪ್ಪುವುದಿಲ್ಲ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರು 2014ರ ಸೆಪ್ಟೆಂಬರ್ 24ರ ಚಿತ್ರವನ್ನು ನೆನೆಯಬೇಕು. ಮಂಗಳಯಾನ ನೌಕೆ ಕಕ್ಷೆ ಸೇರಿದ ಆ ದಿನ, ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಸಂಭ್ರಮಿಸುತ್ತಿದ್ದ ಮಹಿಳೆಯರ ಫೋಟೊ ಜಗತ್ತನ್ನೇ ಸುತ್ತಿತು. ಚಿತ್ರದಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೊ ಆಮೇಲೆ ತಿಳಿಸಿತು. ವಿಜ್ಞಾನಿಗಳ ತಂಡದಲ್ಲೂ ಮಹಿಳೆಯರಿದ್ದರು. ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೆ ಮಲ್ಲಿಗೆ ಅಡ್ಡಬರುವುದಿಲ್ಲ ಎಂಬುದನ್ನು ಮಾತ್ರ ಆ ಒಂದು ಚಿತ್ರ ಜಗತ್ತಿಗೆ ತೋರಿಸಿಕೊಟ್ಟಿತು.

ನಿಯಮಗಳೂ ಅಂಟಿಸಿದ ಕೋಟಿನ ಪರವಾಗಿಲ್ಲ. ಅಮೆರಿಕದ ವೀಸಾ ಫೋಟೊ ದಿನನಿತ್ಯ ತೊಡುವ ಬಟ್ಟೆಯಲ್ಲೇ ಇರಬೇಕೆಂದು ಅಲ್ಲಿನ ವಿದೇಶಾಂಗ ಇಲಾಖೆ ಹೇಳುತ್ತದೆ. ಅಂಥ ಕಟ್ಟುನಿಟ್ಟಿನ ಕಚೇರಿಗೇ ಬೇಡವಾದ ಕೋಟನ್ನು ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಪದವಿ ಮುಗಿಸುತ್ತಿರುವ ಮಕ್ಕಳಿಂದ ಬಯಸುತ್ತವೆ. ಹಳ್ಳಿಯಿಂದ ಬಂದ ಹುಡುಗ ಹಾಸ್ಟೆಲಿನ ಗೆಳೆಯನ ಬ್ಲೇಜರಿಗೆ ಕಾಯುತ್ತಾನೆ, ಇಲ್ಲವೇ ಸ್ಟುಡಿಯೊದಲ್ಲಿ ಅಂಟಿಸಿಕೊಂಡು ಬರುತ್ತಾನೆ. ಬರುವ ನೇಮಕಾತಿ ಋತುವಿನ ಸುತ್ತೋಲೆಯಲ್ಲಿ ಪ್ರಾಂಶುಪಾಲರು, ಕಂಪನಿಗಳ ಮಾನವ ಸಂಪನ್ಮೂಲ ಅಧಿಕಾರಿಗಳು ಒಂದು ಸಾಲು ಸೇರಿಸಲಿ: ಫೋಟೊಗೆ ಕೋಟು ಕಡ್ಡಾಯವಲ್ಲ, ಒಗೆದು ಇಸ್ತ್ರಿ ಮಾಡಿದ ನಿಮ್ಮದೇ ಬಟ್ಟೆಯಲ್ಲಿ ಬನ್ನಿ.