ಹಳತಿನ ಸೋಗು, ಹಳೆಯ ದನಿ

ಕಳೆದ ಶ್ರಾವಣದಲ್ಲಿ ತಿಕೋಟಾದ ಒಂದು ಮನೆಯಲ್ಲಿ ನಡೆದ ಸಣ್ಣ ಸಂಗತಿಯೊಂದು ಈ ಲೇಖನಕ್ಕೆ ಕಾರಣವಾಯಿತು. ನನ್ನಲ್ಲಿ ಹಿಂದೆ ಕನ್ನಡ ಕಲಿತು ಈಗ ವಿಜಯಪುರದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತರುಣನೊಬ್ಬ, ತನ್ನ ಅಜ್ಜನ ಹಾಡು ಕೇಳಿಸುತ್ತೇನೆಂದು ನನ್ನನ್ನು ಮನೆಗೆ ಕರೆದಿದ್ದ. ಅಜ್ಜ ಊರಿನ ಭಜನಾ ಮೇಳದ ಮುಖ್ಯ ಹಾಡುಗಾರ; ಕಡಕೋಳ ಮಡಿವಾಳಪ್ಪನವರ ತತ್ವಪದಗಳೆಂದರೆ ಅವರ ಕಂಠದಿಂದಲೇ ಕೇಳಬೇಕೆನ್ನುವ ಕಾಲವೊಂದಿತ್ತಂತೆ. ಅವರು ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಉಳಿದಿದ್ದುದು ಒಂದೇ ಒಂದು ಕ್ಯಾಸೆಟ್ಟು. ಅದನ್ನು ಮೊಮ್ಮಗ ಕಂಪ್ಯೂಟರಿಗೆ ಇಳಿಸಿಕೊಂಡು, ತಂತ್ರಾಂಶದಲ್ಲಿ ಹಾಕಿ, ತನಗೆ ತಿಳಿದಂತೆ ಅಲಂಕರಿಸಿದ್ದ.

ಗುಂಡಿ ಒತ್ತಿದ. ಮೊದಲು ಗ್ರಾಮಫೋನ್ ಮುಳ್ಳಿನ ಚಟಪಟ ಸದ್ದು ಕೇಳಿಬಂತು. ಅದರ ಹಿಂದೆ ಜಿನುಗು ಮಳೆ. ಆಮೇಲೆ, ಬಾವಿಯ ತಳದಿಂದ ಎದ್ದುಬಂದಂತೆ, ನಿಧಾನವಾಗಿ, ಭಾರವಾಗಿ, ತುಸು ತೂಗಾಡುತ್ತ ಒಂದು ಕಂಠ. ಸುಳ್ಳು ಹೇಳಲಾರೆ: ನನಗೆ ಅದು ಹಿಡಿಸಿತು. ಆದರೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ಅಜ್ಜಿ ಮೊರ ಕೆಳಗಿಟ್ಟು, "ಇದು ಅವರ ದನಿ ಅಲ್ಲರಿ ಮಾಸ್ತರ. ಅವರು ಇಷ್ಟು ದಣದು ಎಂದೂ ಹಾಡಿದವರಲ್ಲ" ಎಂದರು. ಹುಡುಗ ನಕ್ಕ. ಹಾಗಾದರೆ ಮೂಲವನ್ನು ಹಾಕು ಎಂದೆ. ಆಗ ಅವನ ಮುಖ ಇಳಿಯಿತು. ಎರವಲು ತಂದ ಯಂತ್ರದಲ್ಲಿ ಟೇಪು ಸಿಕ್ಕಿ ಹರಿದಿತ್ತು; ಅದನ್ನು ಎಸೆದಿದ್ದರು. ಕಂಪ್ಯೂಟರಿನಲ್ಲಿದ್ದ ಪ್ರತಿಯ ಮೇಲೆಯೇ ಎಲ್ಲ ಕೆಲಸವನ್ನೂ ಮಾಡಿ, ಅದೇ ಹೆಸರಿನಲ್ಲಿ ಉಳಿಸಿಟ್ಟಿದ್ದ. ದಣಿದ ಅಜ್ಜನೊಬ್ಬನೇ ಈಗ ಆ ಮನೆಯಲ್ಲಿ ಉಳಿದಿದ್ದ.

ಈ ಬಗೆಯ ಅಲಂಕಾರಕ್ಕೆ ಈಗಿನ ತರುಣರ ಭಾಷೆಯಲ್ಲಿ 'ಲೋ-ಫೈ' ಎಂದು ಹೆಸರು. ಮೂಲಕ್ಕೆ ಪೂರ್ಣ ನಿಷ್ಠವಲ್ಲದ, ಕೆಳದರ್ಜೆಯ ಮುದ್ರಣವೆಂಬುದು ಅದರ ಅರ್ಥ. ಹಿಂದೆ ಬೈಗುಳವಾಗಿದ್ದ ಈ ಮಾತು ಈಗ ಒಂದು ಶೈಲಿಯ ಹೆಸರಾಗಿದೆ. ಹಳೆಯ ಚಿತ್ರಗೀತೆಗಳಿಗೂ ಜನಪದ ಹಾಡುಗಳಿಗೂ ವೇಗ ತಗ್ಗಿಸಿ, ಅನುರಣನ ಬೆರೆಸಿ ಹರಿಯಬಿಡುವ ಪದ್ಧತಿ ನಮ್ಮ ಕಡೆಯೂ ಬೇಕಾದಷ್ಟು ಬೆಳೆದಿದೆ. ರಾತ್ರಿ ಓದುವ ವಿದ್ಯಾರ್ಥಿಗಳು ಅದನ್ನು ಕಿವಿಗೆ ಹಚ್ಚಿಕೊಂಡೇ ಓದುತ್ತಾರೆ.

ಇದರ ಮರ್ಮ ಬಹಳ ಗಹನವಾದುದೇನಲ್ಲ. ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ನಡುವಿನ ರಂಧ್ರ ಕೂದಲೆಳೆಯಷ್ಟು ಸರಿದಿದ್ದರೂ ಪ್ರತಿ ಸುತ್ತಿಗೊಮ್ಮೆ, ಎಂದರೆ ಸೆಕೆಂಡಿಗೆ 1.3 ಸಲ, ಸ್ವರ ಏರಿ ಇಳಿಯುತ್ತಿತ್ತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಸರಿಯಬೇಕು. ರಬ್ಬರ್ ಉರುಳೆ ಸವೆದರೆ ಆ ವೇಗ ಒಂದೇ ಸಮನಾಗಿ ನಿಲ್ಲದು. ಈ ತೂಗಾಟವನ್ನು ತಂತ್ರಾಂಶ ಲೆಕ್ಕದಿಂದ ಮಾಡಿಕೊಡುತ್ತದೆ. ಸ್ವರದ ಎತ್ತರವನ್ನೋ ಗಾತ್ರವನ್ನೋ ಒಂದು ನಿಧಾನದ ಅಲೆಗೆ ಕಟ್ಟಿ ಅಲುಗಿಸುವುದಕ್ಕೇ 'ಮಾಡ್ಯುಲೇಶನ್' ಎನ್ನುವುದು. ಅದೇ ಕಂಠದ ನಕಲನ್ನು ಸೆಕೆಂಡಿನ ಸಾವಿರದಲ್ಲಿ ಇಪ್ಪತ್ತು ಪಾಲಿನಷ್ಟು ತಡವಾಗಿ ಬೆರೆಸಿ, ಆ ತಡವನ್ನೂ ಅಲುಗಿಸಿದರೆ ಒಬ್ಬನೇ ಹಾಡಿದ್ದು ಹಿಮ್ಮೇಳದವರೂ ಕೂಡಿ ಹಾಡಿದಂತಾಗುತ್ತದೆ. ಇನ್ನು ಧ್ವನಿಯನ್ನು ಅಳೆಯುವ ಮೆಟ್ಟಿಲುಗಳನ್ನೇ ಕಡಿಮೆ ಮಾಡುವುದು ಮತ್ತೊಂದು ಉಪಾಯ. ಸಿ.ಡಿ.ಯಲ್ಲಿ 65,536 ಮೆಟ್ಟಿಲುಗಳಿದ್ದರೆ, 8 ಬಿಟ್ಟಿಗೆ ಇಳಿಸಿದಾಗ ಉಳಿಯುವವು 256. ಆಗ ನಯವಾದ ಸ್ವರ ಕಚ್ಚುಕಚ್ಚಾಗಿ ಕೇಳುತ್ತದೆ. ವೇಗವನ್ನು ನೂರಕ್ಕೆ ಎಂಬತ್ತೈದಕ್ಕೆ ತಗ್ಗಿಸಿದರೆ ಶ್ರುತಿ ಸುಮಾರು ಮೂರು ಅರ್ಧಸ್ವರ ಕೆಳಗಿಳಿಯುತ್ತದೆ. ಕಪ್ಪು ನಾಲ್ಕರಲ್ಲಿ ಎದೆಯುಬ್ಬಿಸಿ ಹಾಡಿದವನು ಬಿಳಿ ನಾಲ್ಕರಲ್ಲಿ ಏದುಸಿರು ಬಿಡುತ್ತಾನೆ. ಅಜ್ಜಿ ಹಾರ್ಮೋನಿಯಂ ಮುಟ್ಟಿದವರಲ್ಲ. ಆದರೂ ಅವರ ಕಿವಿ ಈ ಮೂರು ಮೆಟ್ಟಿಲನ್ನು ಎಣಿಸಿತ್ತು.

ಒಂದು ಶತಮಾನದುದ್ದಕ್ಕೂ ಇಂಜಿನಿಯರರು ಈ ಚಟಪಟವನ್ನೂ ತೂಗಾಟವನ್ನೂ ಹೋಗಲಾಡಿಸಲು ತಲೆ ಕೆಡಿಸಿಕೊಂಡರು. ಹೋದ ಮೇಲೆ ಅವನ್ನೇ ಮರಳಿ ತರುವ ಸಾಧನಗಳು ಮಾರಾಟಕ್ಕೆ ಬಂದವು. ಈ ವಿಪರೀತಕ್ಕೂ ಒಂದು ಇತಿಹಾಸವಿದೆ. 1987ರಲ್ಲಿ ಅಮೇರಿಕೆಯಲ್ಲಿ ಬಂದ 'ಎಸ್‌ಪಿ-1200' ಎಂಬ ಯಂತ್ರ ಹಳೆಯ ತಟ್ಟೆಗಳ ತುಣುಕುಗಳನ್ನು 12 ಬಿಟ್ಟಿನಲ್ಲಿ, ಸೆಕೆಂಡಿಗೆ ಸುಮಾರು 26 ಸಾವಿರ ಅಳತೆಗಳಲ್ಲಿ ಮಾತ್ರ ಹಿಡಿಯಬಲ್ಲದಾಗಿತ್ತು. ಬಡ ಬಡಾವಣೆಗಳ ತರುಣರು ಆ ಒರಟುತನದಲ್ಲೇ ತಮ್ಮ ಸಂಗೀತವನ್ನು ಕಟ್ಟಿದರು. ಅವರಿಗೆ ಅದು ಕೈಗೆ ಸಿಕ್ಕ ಹತಾರು. ಅನುಸರಿಸಿದವರಿಗೆ ಅದು ಅಲಂಕಾರ.

ದೋಷವನ್ನು ಪ್ರೀತಿಸುವುದು ನಮಗೇನೂ ಹೊಸದಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ತಂಬೂರಿಯ ತಂತಿಯ ಕೆಳಗೆ, ಕುದುರೆಯ ಮೇಲೆ, ಒಂದು ನೂಲೆಳೆಯನ್ನು ಸರಿಸಿ 'ಜೀವಾಳಿ' ಕೂಡಿಸುತ್ತೇವೆ. ಆ ಎಳೆಯಿಂದ ತಂತಿ ಕುದುರೆಗೆ ತಾಗಿ ಝೇಂಕರಿಸುತ್ತದೆ. ಶುದ್ಧ ತಂತಿಯ ಲೆಕ್ಕದಲ್ಲಿ ಅದೊಂದು ಕೊರೆ. ನಮ್ಮ ಕಿವಿಗೆ ಅದೇ ಜೀವ, ಹೆಸರೇ ಹೇಳುವಂತೆ. ಹಾರ್ಮೋನಿಯಂ ಕಟ್ಟುವವರು ಜೋಡಿ ರೀಡುಗಳಲ್ಲಿ ಒಂದನ್ನು ಕೂದಲೆಳೆಯಷ್ಟು ಏರಿಸುವುದುಂಟು. ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ಸಲ ಸ್ವರ ಅಲೆಯಾಡುತ್ತದೆ. ತಂತ್ರಾಂಶ ಮಾಡುವುದೂ ಇದನ್ನೇ. ತನ್ನ ತಂಬೂರಿಗೆ 'ಮೋತಿಖಾನ್' ಎಂದು ಹೆಸರಿಟ್ಟು ಮಗುವಿನಂತೆ ಸಲಹಿದ ಎರಡನೆಯ ಇಬ್ರಾಹಿಂ ಆದಿಲಶಾಹ ಆಳಿದ ಊರು ನಮ್ಮದು. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿಯ ಬಳಿ, 1599ರಲ್ಲಿ ಆತ ಸಂಗೀತಕ್ಕಾಗಿಯೇ ಎಂಬಂತೆ ಕಟ್ಟತೊಡಗಿದ ನವರಸಪುರದ ಪಾಳುಗೋಡೆಗಳು ಇಂದಿಗೂ ನಿಂತಿವೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ನಾನು ಎಡಬಲ ನೋಡುವುದುಂಟು. ಪಕ್ಕದವರು ಏನು ಕಳೆದುಕೊಂಡಿರಿ ಎಂದು ಕೇಳಿದ್ದೂ ಉಂಟು.

ಮತ್ತೆ ಗೋಳಗುಮ್ಮಟ. ಇಬ್ರಾಹಿಮನ ಮಗ ಮಹಮ್ಮದ ಆದಿಲಶಾಹನ ಆ ಗೋರಿಯಷ್ಟು ದೊಡ್ಡ ಧ್ವನಿಯಂತ್ರ ಬೇರೊಂದನ್ನು ನಾನು ಕಂಡಿಲ್ಲ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಹೊಡೆದ ಚಪ್ಪಾಳೆ ಎದುರು ಗೋಡೆಗೆ ಹೋಗಿ ಮರಳಲು ಸೆಕೆಂಡಿನ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ದನಿ ಮತ್ತೆ ಮತ್ತೆ ಮರಳುತ್ತದೆ. ಎಷ್ಟು ಸಲ ಎಂಬುದರಲ್ಲಿ ಮಾರ್ಗದರ್ಶಿಗಳಲ್ಲೇ ಒಮ್ಮತವಿಲ್ಲ. ಗೋಡೆಗೆ ಬಾಯಿ ಹಚ್ಚಿ ಆಡಿದ ಪಿಸುಮಾತು ಗೋಡೆಯನ್ನೇ ತಬ್ಬಿಕೊಂಡು ಆಚೆ ಬದಿಯವನ ಕಿವಿಗೆ ತಲಪುತ್ತದೆ. ಲಂಡನ್ನಿನ ಸೇಂಟ್ ಪಾಲ್ ಮಂದಿರದ ಗುಮ್ಮಟದ ವಿಷಯದಲ್ಲಿ ಲಾರ್ಡ್ ರ‍್ಯಾಲೆ ಈ ತಬ್ಬುವಿಕೆಯನ್ನು ವಿವರಿಸಿದ. 1920ರ ದಶಕದ ಆರಂಭದಲ್ಲಿ ಸಿ. ವಿ. ರಾಮನ್ನರು ಇಂಥ ಪಿಸುಗುಟ್ಟುವ ಮೊಗಸಾಲೆಗಳನ್ನು ಕುರಿತು ಬರೆದಾಗ ನಮ್ಮ ಗುಮ್ಮಟವೂ ಅವರ ಗಮನಕ್ಕೆ ಬಂದಿತ್ತು. ಇಂದು ಯಾವುದೇ ಗುಮ್ಮಟದಲ್ಲಿ ಒಂದು ಬಲೂನು ಒಡೆದು ಅದರ ಅನುರಣನವನ್ನು ಮುದ್ರಿಸಿಕೊಂಡರೆ ಸಾಕು. ತಂತ್ರಾಂಶ ಆ ಅನುರಣನವನ್ನು ಯಾವ ಕಂಠಕ್ಕೆ ಬೇಕಾದರೂ ತೊಡಿಸಬಲ್ಲದು. ಮಲಗುವ ಕೋಣೆಯಲ್ಲಿ ಹಾಡಿದವಳನ್ನು ಆದಿಲಶಾಹಿ ಗುಮ್ಮಟದಡಿ ನಿಲ್ಲಿಸಬಹುದು. ನನಗಂತೂ ಇದು ಸೋಜಿಗವೆನಿಸುತ್ತದೆ.

ಆದ್ದರಿಂದ ಅಲಂಕಾರದ ಮೇಲೆ ನನ್ನ ತಕರಾರಿಲ್ಲ. ಗುಮ್ಮಟ ನಿಮ್ಮ ದನಿಯನ್ನು ಬದಲಿಸಿ ಮರಳಿಸುತ್ತದೆ, ಆದರೆ ಕೂಗಿದ ಬಾಯಿ ನಿಮ್ಮಲ್ಲೇ ಉಳಿಯುತ್ತದೆ. ತಿಕೋಟಾದ ಮನೆಯಲ್ಲಿ ಉಳಿಯದೆ ಹೋದದ್ದು ಅದು.

ಚಟಪಟ ಸದ್ದಿನ ವಿಷಯದಲ್ಲಿಯೂ ನಮಗೊಂದು ಭ್ರಮೆಯಿದೆ. ಅಮೀರಬಾಯಿ ಕರ್ನಾಟಕಿಯವರನ್ನು ನೆನೆಯಿರಿ. ಅಂದಿನ ವಿಜಾಪುರ ಜಿಲ್ಲೆಯ, 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯ ಹೆಣ್ಣುಮಗಳು ಆಕೆ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು, 1965ರಲ್ಲಿ ತೀರಿಕೊಂಡರು. ಅವರ ಕಂಠವನ್ನು ನಾವು ಕೇಳುವುದು ಅರಗಿನ ತಟ್ಟೆಗಳ ಸವೆತದ ಮೂಲಕವೇ. ಆ ಸವೆತ ಆಕೆಯದಲ್ಲ. ನೂರಾರು ಮನೆಗಳಲ್ಲಿ ಸಾವಿರಾರು ಸಲ ಮುಳ್ಳು ಇಳಿಸಿದ ಕೇಳುಗರದು. ಒಂದು ಲೆಕ್ಕದಲ್ಲಿ ಅದು ಪ್ರೀತಿಯ ಗುರುತು. ಎಂದೂ ತಟ್ಟೆಯ ಮೇಲೆ ಬಾರದ, ಕ್ಯಾಸೆಟ್ಟಿನಲ್ಲಷ್ಟೇ ಇದ್ದ ತಿಕೋಟಾದ ಭಜನೆಗೆ ಅದೇ ಸವೆತವನ್ನು ಹಚ್ಚಿದರೆ, ಯಾರೂ ಸವೆಸದ ಸವೆತವಾಗುತ್ತದೆ. ಪಂಢರಪುರಕ್ಕೆ ಹೋಗದೆ ಬುಕ್ಕಿಟ್ಟು ಹಚ್ಚಿಕೊಂಡಂತೆ.

ಕಾನೂನು ಈ ವಿಚಾರದಲ್ಲಿ ಮೂಕವಾಗಿಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಆದುದರಿಂದ 1943ರ ತಟ್ಟೆಯ ಮುದ್ರಣ ಎಂದೋ ಸಾರ್ವಜನಿಕವಾಗಿದೆ. ಪದಗಳ ಹಕ್ಕು ಬೇರೆ: ಅದು ಕವಿ ತೀರಿಕೊಂಡ ಮೇಲೆ 60 ವರ್ಷ ನಡೆಯುತ್ತದೆ. 'ಕಿಸ್ಮತ್'ದ ಗೀತೆಗಳನ್ನು ಬರೆದ ಕವಿ ಪ್ರದೀಪರು ತೀರಿಕೊಂಡದ್ದು 1998ರಲ್ಲಿ. ತಟ್ಟೆಯ ಹಕ್ಕು ತೀರಿದೊಡನೆ ಎಲ್ಲವೂ ಬಿಟ್ಟಿಯೆಂದು ತಿಳಿಯುವ ತರುಣರು ಇದನ್ನು ಗಮನಿಸಬೇಕು. 2012ರ ತಿದ್ದುಪಡಿಯಂತೆ, ತನ್ನ ಹಾಡನ್ನು ಕೀರ್ತಿಗೆ ಕುಂದು ಬರುವಂತೆ ವಿಕೃತಗೊಳಿಸಿದರೆ ತಡೆಯುವ ಹಕ್ಕು ಹಾಡುಗಾರನಿಗೂ ಉಂಟು. ಆದರೆ ಹಳ್ಳಿಯ ಭಜನೆಯವನು ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಿಯಾನು? ಮೊಮ್ಮಗನ ಮೇಲೆ ಯಾರು ದಾವೆ ಹೂಡಿಯಾರು?

ನನ್ನನ್ನು ಕಾಡುವ ಸಂಗತಿ ಬೇರೆ. 1931ರಲ್ಲಿ ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ಹೊರತಂದರು. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ಅವು. ಪದಗಳು ಉಳಿದವು, ಯಾವ ಧಾಟಿಯಲ್ಲಿ, ಎಲ್ಲಿ ಉಸಿರೆಳೆದು ಹಾಡಿದರೆಂಬುದು ಆ ತಾಯಂದಿರೊಡನೆಯೇ ಹೋಯಿತು. ಅದನ್ನು ಹಿಡಿಯುವ ಯಂತ್ರ ಗೆಳೆಯರ ಕೈಯಲ್ಲಿರಲಿಲ್ಲ. 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟು ಹಳ್ಳಿಹಳ್ಳಿಗೆ ಬಂದಾಗ ಮೊದಲ ಬಾರಿಗೆ ನಮ್ಮ ಜನ ತಮ್ಮ ದನಿಯನ್ನು ತಾವೇ ಹಿಡಿದಿಟ್ಟರು: ಗೀಗೀ ಪದ, ಮೊಹರಮ್ಮಿನ ರಿವಾಯತು, ತತ್ವಪದ, ಸೋಬಾನೆ, ಮಠದ ಪ್ರವಚನ. ಸಂಪಾದಕರಿಲ್ಲದ, ಸೂಚಿಯಿಲ್ಲದ ಆ ಭಂಡಾರ ಇಂದು ಟ್ರಂಕುಗಳಲ್ಲಿ, ಮಾಡುಗಳಲ್ಲಿ, ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಅಟ್ಟದ ಮೇಲೆ ಬಿದ್ದಿದೆ. ನಲವತ್ತು ಡಿಗ್ರಿ ಮೀರುವ ನಮ್ಮ ಬೇಸಿಗೆಯಲ್ಲಿ ಟೇಪಿನ ಲೇಪ ಉದುರುತ್ತದೆ. ಸುತ್ತಿನ ಒಂದು ಪದರದ ಧ್ವನಿ ಮುಂದಿನ ಪದರಕ್ಕೆ ಇಳಿದು, ಹಾಡು ತೊಡಗುವ ಮೊದಲೇ ಅದರ ನೆರಳು ಕೇಳುತ್ತದೆ. ನಿಜವಾದ ಸವೆತ ಹೀಗೆ ನಡೆಯುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಕುಳಿತು ಕೃತಕ ಸವೆತವನ್ನು ತಯಾರಿಸುತ್ತಿದ್ದೇವೆ.

ಇದಕ್ಕೆ ಬೇಕಾದ ವಿದ್ಯೆ ಅಲಂಕಾರದ ವಿದ್ಯೆಗಿಂತ ಸುಲಭವಾದುದು. ಹಳೆಯ ಕ್ಯಾಸೆಟ್ಟು ಮಂಕಾಗಿ ಕೇಳಿದರೆ ಅನೇಕ ಸಲ ತಪ್ಪು ಟೇಪಿನದಲ್ಲ, ಯಂತ್ರದ ಹೆಡ್ಡಿನದು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು, ಹಾಡು ನಡೆದಿರುವಾಗಲೇ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ನೋಡಿದರೆ ತಾಳದ ಕಿಣಿಕಿಣಿ ಥಟ್ಟನೆ ಮೇಲೆದ್ದು ಬರುತ್ತದೆ. ಧ್ವನಿ ಭಂಡಾರಗಳವರು ಕನಿಷ್ಠ ಸೆಕೆಂಡಿಗೆ 48,000 ಅಳತೆ, 24 ಬಿಟ್ಟಿನಲ್ಲಿ ಪ್ರತಿ ಮಾಡಬೇಕೆನ್ನುತ್ತಾರೆ. ಬಿಟ್ಟಿಯಾಗಿ ದೊರೆಯುವ 'ಆಡಾಸಿಟಿ'ಯಲ್ಲೇ ಅದು ಸಾಧ್ಯ. ಮೊದಲು ಆ ತಂತ್ರಾಂಶದಲ್ಲಿ ಅಲಂಕಾರ ಹಚ್ಚಿದರೆ ಧ್ವನಿಯೇ ಬದಲಾಗುತ್ತಿತ್ತು, 2022ರ 3.2ನೆಯ ಆವೃತ್ತಿಯಿಂದ ಮೂಲವನ್ನು ಮುಟ್ಟದೆ ಮೇಲು ಹೊದಿಕೆಯಂತೆ ಹೊದಿಸಿ ತೆಗೆಯಬಹುದಾಗಿದೆ. ಎಂದರೆ ತಂತ್ರಾಂಶ ಕಟ್ಟಿದವರಿಗೇ ಮೂಲದ ಚಿಂತೆ ಹೊಕ್ಕಿದೆ. ಕಾಲೇಜುಗಳ ಕನ್ನಡ ವಿಭಾಗಗಳು ವರ್ಷಕ್ಕೊಂದು ಜಾನಪದ ವಿಚಾರಸಂಕಿರಣ ನಡೆಸುವ ಖರ್ಚಿನಲ್ಲಿ ಒಂದು ಒಳ್ಳೆಯ ಕ್ಯಾಸೆಟ್ ಯಂತ್ರವನ್ನು ಕೊಂಡು, ವಿದ್ಯಾರ್ಥಿಗಳಿಗೆ ನಿಮ್ಮ ಮನೆಯ ಟ್ರಂಕು ತೆರೆದು ನೋಡಿ ಬನ್ನಿರೆಂದರೆ ಸಾಕು. ಹಾರ-ತುರಾಯಿಯ ಖರ್ಚೂ ಉಳಿದೀತು.

ತಿಕೋಟಾದ ಹುಡುಗ ಆಮೇಲೆ ಸುಮ್ಮನೆ ಕೂಡಲಿಲ್ಲ. ಅದೇ ಮೇಳದಲ್ಲಿ ದಮ್ಮಡಿ ಬಾರಿಸುತ್ತಿದ್ದವರ ಮಗ ಬಬಲೇಶ್ವರದಲ್ಲಿ ಇದ್ದಾನೆಂದು ಅಜ್ಜಿಯೇ ಹೇಳಿದರು. ಒಂದು ಭಾನುವಾರ ಅವನೂ ನಾನೂ ಅಲ್ಲಿಗೆ ಹೋದೆವು. ಆ ಮನೆಯವರು ಚಹಾ ಕೊಟ್ಟು, ಬಹಳ ಹೊತ್ತು ಹುಡುಕಿ, ಪೆನ್ಸಿಲಿನಲ್ಲಿ 'ಭಜನಿ' ಎಂದಷ್ಟೇ ಬರೆದ ಒಂದು ಕ್ಯಾಸೆಟ್ಟು ತಂದರು. ಅದೇ ರಾತ್ರಿಯ ಭಜನೆಯ ಇನ್ನೊಂದು ಪ್ರತಿ ಅದು. ಒಂದು ಬದಿಯ ಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿದ್ದರು. ಇನ್ನೊಂದು ಬದಿಯಲ್ಲಿ ಏಳು ನಿಮಿಷ ಉಳಿದಿತ್ತು. ಸ್ಕ್ರೂ ತಿರುಗಿಸಿ ಪ್ರತಿ ಮಾಡಿಕೊಂಡು, ಏನನ್ನೂ ಹಚ್ಚದೆ, ಎರಡು ಕಡೆ ಉಳಿಸಿಟ್ಟು, ಸಂಜೆ ತಿಕೋಟಾಕ್ಕೆ ಬಂದು ಅಜ್ಜಿಯ ಮುಂದೆ ಹಾಕಿದೆವು. ಕಂಠ ಎತ್ತರದಲ್ಲಿತ್ತು, ಅವಸರದಲ್ಲಿತ್ತು, ಅಷ್ಟೇನೂ ಇಂಪಾಗಿರಲಿಲ್ಲ. ಅಜ್ಜಿ ಏನೂ ಅನ್ನದೆ ಕೇಳುತ್ತಿದ್ದರು. ಮೂರನೆಯ ನುಡಿ ಮುಗಿಯುತ್ತ ಬಂದಾಗ ಕೈಯೆತ್ತಿ, "ಈಗ ಕೆಮ್ಮತಾರ ನೋಡ್ರಿ" ಎಂದರು. ಟೇಪಿನಲ್ಲಿ ಕೆಮ್ಮು ಕೇಳಿತು.